ಅಂಚಿನಲ್ಲಿದ್ದ ಹೆಸರು

ಬೈಂಡರನ ಕೈದಾಟಿದ ಪುಸ್ತಕ ಸೊಟ್ಟಗಿರಕೂಡದು, ಅದೊಂದು ಹುಚ್ಚು ಅವನಿಗೆ. ಅತ್ತಿಗೆಯ ಹಾಡಿನ ಪುಸ್ತಕವನ್ನೂ ಬಿಡಲಿಲ್ಲ. ಬಿಚ್ಚಿಹೋಗಿದ್ದ ಹಾಳೆಗಳನ್ನು ಹೊಲಿದ, ಕಟಿಂಗ್ ಮಷೀನಿಗಿಟ್ಟು ಕೆಳಗಿನ ಅಂಚನ್ನು ಅರ್ಧ ಇಂಚು ಕತ್ತರಿಸಿದ. ಒಳಗಿದ್ದದ್ದು ಮರಾಠಿ, ಅದು ಅವನಿಗೆ ಬಾರದು. ಒಂದು ಸಲ ಹಾಳೆ ತಿರುವಿ ನೋಡುವುದಕ್ಕೆ ಭಾಷೆ ಬರಬೇಕೆಂದೇನೂ ಇರಲಿಲ್ಲ. ಮಹಾನುಭಾವ ಅದನ್ನೂ ಮಾಡಲಿಲ್ಲ.

ಅಣ್ಣ ತೀರಿಕೊಂಡ ವರ್ಷದಿಂದ ಅತ್ತಿಗೆ ಪ್ರತಿ ವರ್ಷ ಪಾದಯಾತ್ರೆಗೆ ಹೋಗುತ್ತಿದ್ದಳು. ಹದಿನೆಂಟು ದಿನ ನಡಿಗೆ, ದಾರಿಯುದ್ದಕ್ಕೂ ಹಾಡು. ವರ್ಷಕ್ಕೊಂದು ಹಾಡು ತಾನೇ ಕಟ್ಟಿ, ತವರಿನ ಮರಾಠಿಯಲ್ಲಿ ಬರೆದಿಡುತ್ತಿದ್ದಳು. "ದೇವರ ನೆಪ, ಊರು ಸುತ್ತೋ ಚಪಲ" ಎಂದು ಬೈಂಡರ ಚುಡಾಯಿಸುತ್ತಿದ್ದ. ಅವನೋ, ಬೀದಿ ಕೊನೆಯ ಅಂಗಡಿಗೂ ಸ್ಕೂಟರ್ ಹತ್ತುವ ಆಸಾಮಿ. ಈ ಸಲ ಅತ್ತಿಗೆಯ ಮಂಡಿ ಕೈಕೊಟ್ಟಿತ್ತು, ಕಣ್ಣೂ ಮಂಜಾಗಿತ್ತು. ಅವಳ ಬದಲು ಮಗಳು, ಪುಸ್ತಕ ಹಿಡಿದು, ಹೊರಡುವವಳಿದ್ದಳು.

ಪುಸ್ತಕ ತಲುಪಿಸಿದ ಮರುದಿನ ಬೈಂಡರ ಅಂಟಿನ ಡಬ್ಬಿ ಎತ್ತಿದ. ತಳಕ್ಕೆ ಕಾಗದದ ಪಟ್ಟಿಯೊಂದು ಅಂಟಿತ್ತು. ಅದರ ಮೇಲೆ ಅತ್ತಿಗೆಯ ಕೈಬರಹ. ಕತ್ತರಿಸಿದ್ದು ಬರೀ ಖಾಲಿ ಅಂಚಲ್ಲ. ಉಳಿದ ಪಟ್ಟಿಗಳು ಆಗಲೇ ರದ್ದಿಯವನ ಮೂಟೆ ಸೇರಿದ್ದವು. ಪಟ್ಟಿಯನ್ನು ಜೇಬಿಗಿಟ್ಟುಕೊಂಡು ಅತ್ತಿಗೆಯ ಮನೆಗೆ ಹೊರಟ. ಗೆದ್ದಲು ತಿಂದಿತ್ತು ಅನ್ನಲೇ, ನೀರು ಬಿದ್ದು ಅಂಚು ಕೊಳೆತಿತ್ತು ಅನ್ನಲೇ ಎಂದು ದಾರಿಯಲ್ಲಿ ಸುಳ್ಳು ಹೊಸೆದ.

ಒಳಗೆ ಮಗಳು ಹಾಡುತ್ತಿದ್ದವಳು ತಟ್ಟನೆ ನಿಲ್ಲಿಸಿದಳು.

"ಅಮ್ಮಾ, ಕೊನೇ ಸಾಲೇ ಇಲ್ವಲ್ಲ? ಹಾಡು ಕಟ್ಟಿದವರ ಹೆಸರು ಅಲ್ಲೇ ತಾನೇ ಬರೋದು? ಯಾವ ಹಾಡಲ್ಲೂ ಇಲ್ಲ."

ಅತ್ತಿಗೆ ನುಣುಪಾದ ಅಂಚನ್ನು ಬೆರಳಿಂದ ಸವರಿದಳು. "ಪುಟದ ತುದೀಲಿ ಬರೀತಿದ್ದೆ ಅಂತ ನೆನಪು. ಬರೆದೇ ಇಲ್ವೇನೋ. ವಯಸ್ಸಾಯ್ತು ನೋಡು, ನನ್ನ ಹೆಸರೇ ನಾನು ಮರೆತಿದೀನಿ" ಎಂದು ನಕ್ಕಳು.

ಹೊಸ್ತಿಲಲ್ಲಿ ನಿಂತಿದ್ದ ಬೈಂಡರನಿಗೆ ತನ್ನ ಮೇಲೆ ತನಗೇ ಹೇಸಿಗೆಯಾಯಿತು. ಹೊಸೆದ ಸುಳ್ಳು ಒಂದೂ ಬಾಯಿಗೆ ಬರಲಿಲ್ಲ.

"ನೀವು ಮರೆತಿಲ್ಲ ಅತ್ತಿಗೆ. ನಾನು ಕತ್ತರಿಸಿದೆ. ನೋಡದೆ."

ಪಟ್ಟಿಯನ್ನು ಅವಳ ಅಂಗೈಯಲ್ಲಿಟ್ಟ.

"ಉಳಿದದ್ದು?"

"ರದ್ದಿಗೆ ಹೋಯ್ತು."

ಅವಳು ಬೈಯಲಿಲ್ಲ. ನಾಲ್ಕು ಬೈದಿದ್ದರೆ ಅವನ ಜೀವಕ್ಕೆ ಹಗುರವಾಗುತ್ತಿತ್ತು. ಪಟ್ಟಿಯನ್ನು ಮಡಿಸಿ ಪುಸ್ತಕದೊಳಗಿಟ್ಟಳು.

"ನಾಳೆ ನೀನೂ ಹೊರಡು. ಇವಳು ಒಂದೊಂದು ಹಾಡು ಮುಗಿಸಿದಾಗ್ಲೂ ನನ್ನ ಹೆಸರು ನೀನು ಹೇಳು."

"ಹದಿನೆಂಟು ದಿನಾನಾ, ಅತ್ತಿಗೆ?"

"ಸ್ಕೂಟರ್ ಇಲ್ಲೇ ಬಿಟ್ಟು ಹೋಗು. ಈಗ ಒಂದ್ಸಲ ಹೇಳು, ನಾನು ಕೇಳ್ತೀನಿ."

ನಲವತ್ತು ವರ್ಷ ಅತ್ತಿಗೆ ಎಂದೇ ಕರೆದವನು. ಆ ಹೆಸರನ್ನು ಒಮ್ಮೆಯೂ ಬಾಯಿಬಿಟ್ಟು ಆಡಿರಲಿಲ್ಲ. ಬೈಂಡರ ಬಾಯಿ ತೆರೆದ. ಅತ್ತಿಗೆ ಮಂಜುಗಣ್ಣನ್ನು ಅವನತ್ತ ತಿರುಗಿಸಿ ಕಾಯುತ್ತ ಕೂತಳು.