ಗೋಡೆಯ ಕೊಕ್ಕೆ

ಇದು ಶುರುವಾದದ್ದು ಚಳಿಗಾಲದ ಒಂದು ಬೆಳಗ್ಗೆ, ಏಳು ಗಂಟೆಯಾಗುವ ಮೊದಲು. ನನಗೆ ಹದಿನಾರು, ತಮ್ಮನಿಗೆ ಹನ್ನೆರಡು. ನಮ್ಮದು ಬಟ್ಟೆ ಒಗೆಯುವ ಅಂಗಡಿ. ದೊಡ್ಡ ಹಾಸುಬಟ್ಟೆಗಳನ್ನು ಇಬ್ಬರು ಎದುರುಬದುರು ನಿಂತು ಹಿಂಡಬೇಕು. ಇಬ್ಬರೂ ತಂತಮ್ಮ ಬಲಕ್ಕೆ ತಿರುವುತ್ತ ಹೋದರೆ ಬಟ್ಟೆ ಹಗ್ಗದಂತಾಗಿ ನೀರು ಸುರಿಯುತ್ತದೆ.

ಆ ದಿನ ಚಳಿಗೆ ಬೇಗ ಮುಗಿಸೋಣವೆಂದು ನಾನು ಜೋರಾಗಿ ತಿರುವಿದೆ. ಮಣಿಕಟ್ಟು ಹಿಡಿದುಕೊಂಡು ತಮ್ಮ ಕಿರುಚಿದ. ಆಸ್ಪತ್ರೆಯಲ್ಲಿ ಎಕ್ಸ್-ರೇ ನೋಡಿ, ಹೆಬ್ಬೆರಳ ಬುಡದ ಸಣ್ಣ ಮೂಳೆ ಎರಡು ಹೋಳಾಗಿದೆ ಎಂದರು. ಪಟ್ಟಿ ಬಿಚ್ಚಿದಾಗ ನೋವಿರಲಿಲ್ಲ. ಆದರೆ ಹೋಳುಗಳು ಕೂಡಿಲ್ಲ, ಭಾರದ ಕೆಲಸ ಬೇಡ ಎಂದು ಹೇಳಿ ಕಳಿಸಿದರು.

ಅಪ್ಪ ಗೋಡೆಗೊಂದು ಕಬ್ಬಿಣದ ಕೊಕ್ಕೆ ಹೊಡೆದರು. ತಮ್ಮನ ಬದಲು ಅದು ಬಟ್ಟೆಯ ತುದಿ ಹಿಡಿಯಿತು. ಕೊಕ್ಕೆ ತಿರುಗುವುದಿಲ್ಲವಲ್ಲ, ಅದರ ಪಾಲನ್ನೂ ನಾನೇ ತಿರುವಿದೆ, ನಲವತ್ತೆಂಟು ವರ್ಷ.

ಗಿರಾಕಿಗಳ ಜೊತೆ ಮಾತಾಡುವುದು ತಮ್ಮನ ಕೆಲಸ. "ಅಕ್ಕನ ಕೈಗೆ ಸಿಕ್ಕೀರಿ, ಜೋಕೆ! ನನ್ನ ಮೂಳೆಯನ್ನೇ ಬಿಟ್ಟಿಲ್ಲ ಇವಳು" ಎಂದು ನಗಿಸುತ್ತಿದ್ದ. ನಾನೂ ತಲೆ ತಗ್ಗಿಸಿ ನಗುತ್ತಿದ್ದೆ.

ನನಗೆ ಇಪ್ಪತ್ತೊಂಬತ್ತಾದಾಗ ಒಬ್ಬ ಬಡಗಿ ನನ್ನನ್ನು ಮದುವೆಯಾಗುತ್ತೇನೆಂದು ಬಂದ. ನನಗೂ ಮನಸ್ಸಿತ್ತು. "ನೀನು ಹೋದ್ರೆ ಈ ಕೈ ಇಟ್ಕೊಂಡು ನಾನೇನು ಮಾಡ್ಲಿ ಅಕ್ಕಾ?" ಎಂದ ತಮ್ಮ. ಬಡಗಿಗೆ ಬೇಡವೆಂದೆ.

ಈ ವರ್ಷ ಒದ್ದೆ ನೆಲದ ಮೇಲೆ ಜಾರಿ, ಕೈಯೂರಿ ಬಿದ್ದೆ. ಡಾಕ್ಟರಮ್ಮ ಎಕ್ಸ್-ರೇ ನೋಡಿದವರು, ಇನ್ನೊಂದು ಕೈಯದನ್ನೂ ತೆಗೆಸಿದರು.

"ಅಮ್ಮಾ, ಇದು ಮುರಿದದ್ದಲ್ಲ. ಎರಡೂ ಕೈಲಿ ಹೆಬ್ಬೆರಳ ಬುಡದ ಈ ಮೂಳೆ ಎರಡೆರಡು ಹೋಳಿದೆ, ಅಂಚೆಲ್ಲ ನುಣ್ಣಗಿದೆ. ಹುಟ್ಟಿನಿಂದಲೇ ಹೀಗೆ. ತೀರಾ ಅಪರೂಪ. ಮನೇಲಿ ಇನ್ಯಾರಿಗಾದ್ರೂ ಇದ್ಯಾ?"

"ಇಂಥಾ ಕೈಲಿ ಭಾರದ ಕೆಲಸ ಮಾಡಬಹುದಾ?"

"ಇಷ್ಟು ವರ್ಷ ಏನ್ ಮಾಡ್ತಿದ್ರಿ?"

"ಬಟ್ಟೆ ಹಿಂಡ್ತಿದ್ದೆ."

"ಮತ್ತೆ ನನ್ನನ್ನ ಕೇಳ್ತೀರಲ್ಲಮ್ಮಾ!" ಎಂದು ನಕ್ಕರು.

ಮನೆಗೆ ಹೇಗೆ ಬಂದೆನೋ. "ನಿನ್ನ ಕೈ ನಾನು ಮುರಿದಿಲ್ವೋ! ನಿಂದೂ ನನ್ನಂಗೇ ಹುಟ್ಟಿನಿಂದ ಬಂದದ್ದೇ ಇರಬೇಕು ಕಣೋ!" ಎಂದು ಬಾಗಿಲಲ್ಲೇ ಕೂಗಿದೆ. ಊಟಕ್ಕೆ ಕೂತಿದ್ದ ತಮ್ಮ ತಟ್ಟೆಯಿಂದ ತಲೆ ಎತ್ತಲಿಲ್ಲ. ಬಡಿಸುತ್ತಿದ್ದ ಅವನ ಹೆಂಡತಿಗೆ ಆಶ್ಚರ್ಯ.

"ಅದು ಗೊತ್ತಿರೋದೇ ಅಲ್ವಾ ಅತ್ತಿಗೆ? ನಮ್ಮ ಮದುವೆ ವರ್ಷ ಡಾಕ್ಟರು ಇವರ ಎರಡೂ ಕೈ ಎಕ್ಸ್-ರೇ ನೋಡಿ ಹೇಳಿದ್ರಲ್ಲ. ನಿಮಗೂ ಹೇಳಿದೀನಿ ಅಂದಿದ್ರು ಇವರು."

ಬಡಗಿ ಬಂದದ್ದು ಅವರ ಮದುವೆಯ ಮರುವರ್ಷ.

"ಹೇಳೋಣ ಅಂತಿದ್ದೆ ಅಕ್ಕಾ," ಎಂದ ತಮ್ಮ.

"ಯಾವಾಗ?"

ಅವನು ಅನ್ನ ಕಲಸುತ್ತಲೇ ಇದ್ದ.

ಕೈಯ ಬಾವು ಇಳಿದ ಮೇಲೆ ಒಂದು ಬೆಳಗ್ಗೆ ಒದ್ದೆ ಹಾಸುಬಟ್ಟೆಯ ತುದಿಯನ್ನು ಅವನ ಮುಂದೆ ಚಾಚಿದೆ. "ಹಿಡಿ."

ಹಿಡಿದ. ಇಬ್ಬರೂ ಬಲಕ್ಕೆ ತಿರುವಿದೆವು. ನೀರು ಧಾರೆಯಾಗಿ ಸುರಿಯಿತು. ಕೊಕ್ಕೆಗೆ ಸಿಕ್ಕಿಸಿ ಹಿಂಡಿದಾಗ ಎಂದೂ ಅಷ್ಟು ನೀರು ಹೋಗಿದ್ದಿಲ್ಲ.

"ನೋವಾಯ್ತಾ?"

"ಇಲ್ಲಕ್ಕಾ."

ತೊಟ್ಟಿಯಲ್ಲಿ ಇನ್ನೂ ಹನ್ನೊಂದು ಹಾಸುಬಟ್ಟೆಗಳಿದ್ದವು. ಅವನ್ನು ಹಾಗೆಯೇ ಬಿಟ್ಟು, ಕೈ ಒರೆಸಿಕೊಂಡು ಅಂಗಡಿ ಬಿಟ್ಟು ಹೊರಟುಬಂದೆ.