ನಾಲ್ಕು ಟೈಲ್ಸ್ ದೂರ

ಮತ್ತೆ ಎರಡೂ ತಲೆಗಳು ಒಂದಾದವು, ಕಪ್ಪು ರಿಬ್ಬನ್ನಿನ ತಲೆ ಮತ್ತು ಕೆಂಪು ಕ್ಲಿಪ್ಪಿನ ತಲೆ, ಕಿಟಕಿ ಪಕ್ಕದ ಎರಡನೇ ಬೆಂಚಿನಲ್ಲಿ, ಏನೋ ಪಿಸುಗುಟ್ಟಿ ಬೇರೆಯಾದವು, ಮತ್ತೆ ಅಂಟಿಕೊಂಡವು — ಏನಂಥ ಗುಟ್ಟು ಈ ಆರು ವರ್ಷದ ಪಿಳ್ಳೆಗಳಿಗೆ, ನಾಲ್ಕು ಟೈಲ್ಸ್ ಹಿಂದೆ ಸ್ಟೂಲಿನ ಮೇಲೆ ಮೈಯೆಲ್ಲ ಕಿವಿಯಾಗಿ ಕೂತವಳಿಗೆ ಒಂದಕ್ಷರ ಕೇಳಿಸುತ್ತಿಲ್ಲ. ಹೋದ ವಾರ ಮೂರು ಟೈಲ್ಸ್ ಹಿಂದಿದ್ದಾಗ ಅಷ್ಟಿಷ್ಟಾದರೂ ಕೇಳಿಸುತ್ತಿತ್ತು, ಅದಕ್ಕೂ ಮೊದಲು ಎರಡು, ಅದಕ್ಕೂ ಮೊದಲು ಬೆಂಚಿಗೆ ಮೊಣಕಾಲು ತಾಗಿಸಿಕೊಂಡೇ ಕೂರುತ್ತಿದ್ದಳು, ಕಪ್ಪು ರಿಬ್ಬನ್ನಿನ ಗುಬ್ಬಿಯ ಉಸಿರು ಕೂಡ ಅವಳಿಗೆ ಗೊತ್ತಾಗುತ್ತಿತ್ತು, ಮಾತು ಬರುವ ಮುಂಚೆ ಆ ಮಗು ಒಂದು ಪುಟ್ಟ ಉಸಿರು ಎಳೆದುಕೊಳ್ಳುತ್ತದೆ, ಭುಜ ಚೂರೇ ಚೂರು ಮೇಲೇಳುತ್ತದೆ, ಇದು ಹೆತ್ತ ತಾಯಿಗೂ ಗೊತ್ತಿಲ್ಲ, ಅವಳಿಗೆ ಗೊತ್ತು. ಒಂದು ವರ್ಷ ಎಂಟು ತಿಂಗಳು. ಕಾಗದದಲ್ಲಿ ತರಗತಿ ಸಹಾಯಕಿ, ಮಕ್ಕಳ ಬಾಯಲ್ಲಿ ಅಕ್ಕ, ಮಾಡುವ ಕೆಲಸ ಗುಬ್ಬಿ, ಅಷ್ಟೇ. ಗುಬ್ಬಿಗೆ ಮಾತು ಬರೋದಿಲ್ಲ ಅಂತಲ್ಲ, ತಡವಾಗಿ ಬರುತ್ತೆ, ಪ್ರಶ್ನೆ ಕೇಳಿದ್ಮೇಲೆ ಮನಸ್ಸಲ್ಲೇ ಹತ್ತರವರೆಗೆ ಎಣಿಸಿ, ಅಲ್ಲಿತನಕ ತುಟಿ ಬಿಚ್ಚಬೇಡಿ ಅಂತ ಟೀಚರ್ ಮೊದಲ ದಿನವೇ ಹೇಳಿದ್ದರು, ಎಷ್ಟು ಎಣಿಸಿದ್ದಾಳೆ, ನಿದ್ದೆಯಲ್ಲೂ ಎಣಿಸಿದ್ದಾಳೆ. ಈಗ ಪ್ರತಿ ಸೋಮವಾರ ಸ್ಟೂಲು ಒಂದು ಟೈಲ್ಸ್ ಹಿಂದಕ್ಕೆ ಹೋಗುತ್ತದೆ, ಟೀಚರ್ ನೆಲದ ಮೇಲೆ ಸೀಮೆಸುಣ್ಣದಲ್ಲಿ ಸಣ್ಣ ಗೆರೆ ಎಳೆಯುತ್ತಾರೆ, ಅಕ್ಕ, ನೀವು ಗೆದ್ರಿ ಅನ್ನೋದಕ್ಕೆ ಇದೇ ಗುರುತು, ಅವಳಿಗೆ ನೀವು ಬೇಡ ಆಗ್ಬೇಕು. ಆಹಾ, ಎಂಥ ಬಹುಮಾನ. ಹೀಗೇ ಹೋದರೆ ದೀಪಾವಳಿಯೋ ಯುಗಾದಿಯೋ ಅಂತಿಲ್ಲ, ಮುಂದಿನ ತಿಂಗಳ ಹೊತ್ತಿಗೆ ಬಾಗಿಲಾಚೆ ಚಪ್ಪಲಿಗಳ ಪಕ್ಕ ಕೂರಬೇಕು.

ಕೆಂಪು ಕ್ಲಿಪ್ಪಿನವಳು ಏನೋ ಹೇಳಿದಳು, ಗುಬ್ಬಿ ನಕ್ಕಳು, ಬಾಯಿ ಮುಚ್ಚಿಕೊಂಡು ನಕ್ಕಳು — ಈ ನಗು ತರಿಸಲು ತನಗೆ ಐದು ತಿಂಗಳು ಹಿಡಿದಿತ್ತು, ಮೂಗಿನ ಮೇಲೆ ಪೆನ್ಸಿಲ್ ನಿಲ್ಲಿಸಿ ತೋರಿಸಿದ್ದಳು, ಬೆಕ್ಕಿನ ಹಾಗೆ ಕೂಗಿದ್ದಳು, ಪಕ್ಕದ ತರಗತಿಯವರು ಬಂದು ಇಣುಕಿ ನೋಡಿದ್ದರು, ಈ ಮುಂದಿನೆರಡು ಹಲ್ಲಿಲ್ಲದ ಬಾಯಿಬಡುಕಿಗೆ ಎರಡು ವಾರ ಸಾಕಾಯಿತೇ? ಅವಳನ್ನು ಅಲ್ಲಿ ಕೂರಿಸಿದ್ದು ಯಾರು, ತಾನೇ, ತನ್ನ ಕೈಯಾರೆ, ಟೀಚರ್, ಆ ಹುಡುಗೀನ ಪಕ್ಕ ಕೂರ್ಸೋಣ, ತಾಳ್ಮೆ ಇದೆ ಅದಕ್ಕೆ ಅಂತ ಶಿಫಾರಸು ಬೇರೆ. ಬೆರಳು ಮಡಚಿ ಎಣಿಸೋದನ್ನೂ ತಾನೇ ಕಲಿಸಿಕೊಟ್ಟಳು, ನೋಡು ಪುಟ್ಟಿ, ಗುಬ್ಬಿ ಮಾತಾಡೋ ಮುಂಚೆ ನೀನು ಮಾತಾಡ್ಬಾರ್ದು, ಹತ್ತು ಬೆರಳು ಮಡಚೋವರೆಗೂ ಕಾಯ್ಬೇಕು, ಆಯ್ತಕ್ಕಾ ಎಂದಿತ್ತು ಪಿಶಾಚಿ, ಕಾಯುತ್ತಲೂ ಇದೆ, ಅದೇ ಹೊಟ್ಟೆ ಉರಿಸುವುದು, ತಪ್ಪು ಮಾಡಿದ್ದರೆ ಗದರಿಸಬಹುದಿತ್ತು. ಬೆಳಿಗ್ಗೆ ಟಿಫಿನ್ ಡಬ್ಬಿಗೆ ಮುಚ್ಚಳ ಹಾಕುತ್ತ ಗಂಡನ ಮುಂದೆ ಬಾಯಿ ತಪ್ಪಿ ಹೇಳಿಬಿಟ್ಟಳು, ಅವನು ಬಿದ್ದು ಬಿದ್ದು ನಕ್ಕ, ಹಲ್ಲು ಬಿದ್ದಿರೋ ಹುಡುಗಿ ಜೊತೆ ಸವತಿ ಜಗಳಾನೇನೇ ನಿಂದು? ಬಸ್ ಓಡಿಸುವವನು, ಎಲ್ಲದಕ್ಕೂ ಬಸ್ಸನ್ನೇ ತರುತ್ತಾನೆ, ಸ್ಟಾಪ್ ಬಂದ್ಮೇಲೆ ಜನ ಇಳೀತಾರೆ ಕಣೆ, ಇಳೀಲಿಲ್ಲ ಅಂದ್ರೆ ನಾನು ಓಡ್ಸಿದ್ದಾದ್ರೂ ಯಾಕೆ? ನಿನ್ನ ಪ್ಯಾಸೆಂಜರ್ ಯಾರಾದ್ರೂ ನಿನ್ನ ಶರ್ಟಿಗೆ ಮೂಗು ಒರೆಸಿಕೊಂಡಿದ್ದಾರಾ, ಹೇಳು, ಎಂದಳು ಇವಳು. ಹೊಟ್ಟೆಕಿಚ್ಚು ಹೌದು, ಮುಚ್ಚಿಡುವುದೇನು, ನಲವತ್ತೆರಡು ವರ್ಷದ ಹೆಂಗಸಿಗೆ ಆರು ವರ್ಷದ ಕೂಸಿನ ಮೇಲೆ ಹೊಟ್ಟೆಕಿಚ್ಚು, ಅದಕ್ಕೇ ಇವತ್ತು ಎಲ್ಲರಿಗಿಂತ ಮುಂಚೆ ಬಂದು ಸ್ಟೂಲನ್ನು ಗೆರೆ ದಾಟಿಸಿ ಅರ್ಧ ಟೈಲ್ಸ್ ಮುಂದೆ ಇಟ್ಟುಕೊಂಡಿದ್ದಾಳೆ, ಟೀಚರ್ ನೋಡಿದರು, ಅವರ ಆ ನೋಟವೇ ಒಂದು ಬೈಗುಳ.

ಚೀಲದಾಟ ಶುರುವಾಗಿದೆ, ಬಟ್ಟೆ ಚೀಲದೊಳಗೆ ಕೈ ಹಾಕಿ, ಕಣ್ಣಲ್ಲಿ ನೋಡದೆ, ಸಿಕ್ಕಿದ ವಸ್ತುವಿನ ಹೆಸರು ಹೇಳಬೇಕು, ಒಬ್ಬ ಬೀಗದ ಕೈ ಎಂದ, ಒಬ್ಬಳು ರಬ್ಬರ್ ಎಂದಳು, ಚೀಲ ಎರಡನೇ ಬೆಂಚಿಗೆ ಬಂತು, ಗುಬ್ಬಿ ಎದ್ದು ನಿಂತಳು. ಇಡೀ ತರಗತಿಯೆದುರು ಇವತ್ತಿನವರೆಗೆ ಒಂದು ಪದ ಆಡಿದ ಮಗುವಲ್ಲ, ಆಡಿದ್ದೆಲ್ಲ ಇವಳ ಕಿವಿಗೆ, ಇವಳು ಅದನ್ನು ಗಟ್ಟಿಯಾಗಿ ಟೀಚರ್‌ಗೆ ದಾಟಿಸುವುದು, ಹಾಗೇ ನಡೆದು ಬಂದದ್ದು. ಚೀಲದೊಳಗೆ ಕೈ ಆಡುತ್ತಿದೆ, ಹಲ್ಲುಹಲ್ಲಾದ ಅಂಚು ಹೊರಗಿನಿಂದಲೇ ಕಾಣುತ್ತದೆ, ಬಾಚಣಿಗೆ, ಒಂದು, ಎರಡು, ಇಪ್ಪತ್ತೆಂಟು ಮಕ್ಕಳೂ ಸುಮ್ಮನಿದ್ದಾರೆ, ಮೂರು, ಟೀಚರ್ ಕೂಡ ಕಿಟಕಿ ಕಡೆ ನೋಡುವವರ ಹಾಗೆ ನಿಂತಿದ್ದಾರೆ, ನಾಲ್ಕು, ಈಗ ತಿರುಗುತ್ತಾಳೆ, ನನ್ನ ಕಡೆ ತಿರುಗುತ್ತಾಳೆ, ಐದು, ಯಾವಾಗಲೂ ಐದಕ್ಕೆ ಒಮ್ಮೆ ತಿರುಗಿ ನೋಡುತ್ತಾಳೆ — ಆರು, ಗುಬ್ಬಿ ತಿರುಗಿದಳು, ಹಿಂದಕ್ಕಲ್ಲ, ಪಕ್ಕಕ್ಕೆ, ಕೆಂಪು ಕ್ಲಿಪ್ಪಿನವಳು ಆರು ಬೆರಳು ಮಡಚಿಕೊಂಡು ತಲೆಯಾಡಿಸಿದಳು, ಅಷ್ಟೇ, ತಲೆಯಾಡಿಸಿದಳು, ಅಷ್ಟಕ್ಕೆ ಗುಬ್ಬಿಯ ಭುಜ ಚೂರು ಮೇಲೆದ್ದಿತು, ಆ ಪುಟ್ಟ ಉಸಿರು, ಬರುತ್ತಿದೆ, ಮಾತು ಬರುತ್ತಿದೆ, ಇವಳಿಗೆ ಚೆನ್ನಾಗಿ ಗೊತ್ತಿತ್ತು ಬರುತ್ತಿದೆ ಎಂದು, ಗೊತ್ತಿದ್ದೇ ಬಾಯಿ ತೆರೆಯಿತು, ಬಾಚಣಿಗೆ ಅಲ್ವಾ ಗುಬ್ಬಿ, ಬಾಚಣಿಗೆ! ಎಲ್ಲರೂ ತಿರುಗಿದರು. ಅಕ್ಕಾ, ಇನ್ನೂ ಏಳೇ ಆಗಿತ್ತು, ಎಂದಳು ಕೆಂಪು ಕ್ಲಿಪ್ಪಿನವಳು, ಕೋಪದಿಂದಲ್ಲ, ಪಾಪ, ಲೆಕ್ಕ ತಪ್ಪಿದವರಿಗೆ ಹೇಳುವ ಹಾಗೆ. ಗುಬ್ಬಿಯೂ ತಿರುಗಿದಳು, ಈಗ ತಿರುಗಿದಳು, ಬರಿಗೈಯನ್ನು ಚೀಲದಿಂದ ತೆಗೆದು ಎತ್ತಿ ಅಂಗೈ ತೋರಿಸಿದಳು. ಮಾತಿಲ್ಲದ ಆ ಮೊದಲ ದಿನಗಳಲ್ಲಿ ಇವಳೇ ಹೇಳಿಕೊಟ್ಟದ್ದು, ಬೇಡ ಅನ್ನಿಸಿದರೆ ಅಳಬೇಡ, ಕಚ್ಚಬೇಡ, ಹೀಗೆ ಅಂಗೈ ತೋರಿಸು ಕಂದ, ಎಲ್ಲರಿಗೂ ಅರ್ಥ ಆಗುತ್ತೆ, ಜೋರಾಗಿ ಬಾರಿಸುವ ಗಂಟೆಗೆ ತೋರಿಸುತ್ತಿದ್ದಳು, ಕೆನ್ನೆ ಚಿವುಟಲು ಬಂದವರಿಗೆ ತೋರಿಸುತ್ತಿದ್ದಳು, ಬೇಯಿಸಿದ ಕ್ಯಾರೆಟ್ಟಿಗೆ ತೋರಿಸುತ್ತಿದ್ದಳು. ಅಕ್ಕನಿಗೆ ಒಮ್ಮೆಯೂ ತೋರಿಸಿರಲಿಲ್ಲ.

ಬ್ರಷ್ ತೊಳ್ಕೊಂಡ್ ಬರ್ತೀನಿ ಟೀಚರ್, ಎಂದು ಯಾರ ಮುಖವನ್ನೂ ನೋಡದೆ ಹೊರಗೆ ಬಂದಳು, ಕಾರಿಡಾರಿನ ಕೊನೆಯ ನಲ್ಲಿ, ಬ್ರಷ್ಷಿನಿಂದ ನೀಲಿ ನೀರು ಇಳಿಯುತ್ತಿದೆ, ನಿನ್ನೆ ಇಬ್ಬರೂ ಸೇರಿ ಮೀನು ಬರೆದದ್ದು, ಇಬ್ಬರೂ ಎಂದರೆ ಅವರಿಬ್ಬರು — ಬೇಕೆಂದೇ ಹೇಳಿದೆ ನಾನು, ಬಾಯಿ ತಪ್ಪಿ ಅಲ್ಲ, ಬಾಯಿಗೆ ಬಂದ ಮಾತನ್ನು ಕೂಸಿನ ಬಾಯಿಂದ ಕಿತ್ತುಕೊಂಡೆ, ಟೀಚರ್ ಕೇಳಿದರೆ ಮರೆತುಹೋಯಿತು ಎನ್ನಬಹುದು, ಎಣಿಸುವುದೇ ಮರೆತುಹೋಯಿತು ಎಂದರೆ ಯಾರು ನಂಬುತ್ತಾರೆ, ಆ ಅಂಗೈ, ಹೆಬ್ಬೆರಳ ಬುಡದಲ್ಲಿ ನೇರಳೆ ಬಣ್ಣದ ಕ್ರೇಯಾನ್ ಅಂಟಿತ್ತು, ಇರಲಿ, ಮಕ್ಕಳಿಗೆ ಒಂದು ಗಳಿಗೆಯ ಕೋಪ, ಊಟದ ಹೊತ್ತಿಗೆ ಬಾಟಲಿಯ ಮುಚ್ಚಳ ತೆಗೆದುಕೊಡು ಎಂದು ಬಂದೇ ಬರುತ್ತಾಳೆ, ಮುಚ್ಚಳ ಬಿಗಿಯಾಗಿರುತ್ತದೆ, ತೆಗೆಯಲಿಕ್ಕಾಗುವುದಿಲ್ಲ ಅವಳಿಗೆ, ಕೆಂಪು ಕ್ಲಿಪ್ಪಿಗೂ ಆಗುವುದಿಲ್ಲ. ಒಳಗೆ ಎಲ್ಲ ಸುಮ್ಮನಾಯಿತು. ಟೀಚರ್ ಇನ್ನೊಂದು ವಸ್ತು ಚೀಲಕ್ಕೆ ಹಾಕಿರಬೇಕು, ನಲ್ಲಿ ನಿಲ್ಲಿಸಿದಳು, ನೀರಿನ ಸದ್ದು ನಿಂತಿತು, ಮೌನ, ಉದ್ದ, ಇನ್ನೂ ಉದ್ದ, ಆಮೇಲೆ ಚಮಚ ಎಂದಿತು ಒಂದು ದನಿ, ಒರಟಾಗಿ, ಚ ಒಂದಿಷ್ಟು ಎಳೆದು, ಇವಳ ಕಿವಿಯಲ್ಲಿ ಬಿಸಿಬಿಸಿಯಾಗಿ ಮಾತ್ರ ಕೇಳಿದ ದನಿ, ಈಗ ಗೋಡೆಯಾಚೆಯಿಂದ, ಎಲ್ಲರಿಗೂ. ಚಪ್ಪಾಳೆ ಬಿತ್ತು, ಬೆಂಚು ಕುಟ್ಟಿದರು. ಓಡಬೇಕು, ಎತ್ತಿಕೊಂಡು ಮುದ್ದಾಡಬೇಕು, ಒಂದು ವರ್ಷ ಎಂಟು ತಿಂಗಳು ಇದಕ್ಕೇ ಅಲ್ಲವೇ, ಸಂತೋಷ ಬರಬೇಕು, ಬರುತ್ತದೆ, ಬರಲಿ, ಹೇಳುವ ಮುಂಚೆ ಯಾರ ಕಡೆ ನೋಡಿದಳೋ, ಖಾಲಿ ಸ್ಟೂಲಿನ ಕಡೆ ಒಮ್ಮೆಯಾದರೂ — ಅಂಗೈ, ನಾನಿರಲಿಲ್ಲವೆಂದೇ ಬಂತೇ ಆ ಮಾತು, ಇದ್ದಿದ್ದರೆ — ಅಂಗೈ, ನೇರಳೆ ಗೆರೆ, ಐದು ಬೆರಳೂ ಬಿಡಿಸಿ, ಚೂರೂ ನಡುಗದೆ, ಕಲಿಸಿದ ಹಾಗೆಯೇ ನೆಟ್ಟಗೆ, ನನ್ನ ಕಡೆಗೆ ಎತ್ತಿದ ಆ ಪುಟ್ಟ ಅಂಗೈ