ಹನ್ನೊಂದನೇ ಹೆಬ್ಬೆಟ್ಟು

ಬೇರಿಕೆ ಊರಿನ ಪಕ್ಕದ ಗುಲಾಬಿ ತೋಟಕ್ಕೆ ಅಂದು ಪರಿಸರಸ್ನೇಹಿ ಸರ್ಟಿಫಿಕೇಟಿನ ಆಡಿಟರ್ ಬರುವವರಿದ್ದರು. ಸೂಪರ್‌ವೈಸರ್ ಸರಿತಾ ಬೆಳಿಗ್ಗೆಯೇ ಕೆಲಸದವರಿಗೆ ಮಾಸ್ಕ್ ಹಂಚಿದ ರಿಜಿಸ್ಟರ್ ಬರೆದು ಮುಗಿಸಿದಳು. ಹಂಚಿದ್ದು ಮಾತ್ರ ಸೊನ್ನೆ. ಹಳೇ ಪಟ್ಟಿಯ ಹನ್ನೊಂದು ಹೆಸರುಗಳನ್ನು ಇಳಿಸಿ, ಎಲ್ಲದರ ಮುಂದೂ ತನ್ನದೇ ಹೆಬ್ಬೆಟ್ಟು ಒತ್ತಿದಳು. "ಯಾರಾನ ಕೇಳುದ್ರೆ ಕೊಟ್ಟವ್ರೆ ಅನ್ನಿ" ಎಂದು ಕೆಲಸದ ಹೆಂಗಸರಿಗೆ ಹೇಳಿಯೂ ಕೊಟ್ಟಳು.

ಆಡಿಟರ್ ಆ ಹೆಂಗಸರನ್ನೆಲ್ಲ ಒಬ್ಬೊಬ್ಬರನ್ನಾಗಿ ಮಾತಾಡಿಸಿ, ಮಧ್ಯಾಹ್ನ ಆಫೀಸಿಗೆ ಬಂದರು.

"ಮಾಸ್ಕ್ ಕೊಟ್ಟಿದ್ದಾರೆ ಅಂತ ಹತ್ತು ಜನ ಅಂದರು. ಒಬ್ಬರು ಮಾತ್ರ ಇಲ್ಲ ಅಂತಾರೆ."

"ಯಾರ್ ಸಾರ್ ಅದು?" ಸರಿತಾಗೆ ಮೈಯೆಲ್ಲ ಉರಿಯಿತು.

"ಮೂರನೇ ಪಾಲಿಹೌಸಿನ ಆದಿಲಕ್ಷ್ಮಮ್ಮ. ಔಷಧಿ ಹೊಡೆದ ಒಂದೇ ಗಂಟೆಗೆ ನೀವು ಒಳಗೆ ಹೋಗಬಾರದು ಅಂತ ನೆಟ್ಟ ಕೆಂಪು ಬಾವುಟ ಕೀಳಿಸಿ ಒಳಗೆ ಕಳಿಸಿದಿರಂತೆ. ಪಾಪ, ತುಂಬಾ ಕೆಮ್ಮುತ್ತಿದ್ದರು."

ಆದಿಲಕ್ಷ್ಮಮ್ಮ ಕೆಮ್ಮಿ ಕೆಮ್ಮಿಯೇ ಸತ್ತು ಆರು ತಿಂಗಳಾಗಿತ್ತು. ಪಟ್ಟಿಯಿಂದ ಆ ಹೆಸರು ತೆಗೆಯುವುದನ್ನೇ ಸರಿತಾ ಮರೆತಿದ್ದಳು.

ಆಡಿಟರ್ ರಿಜಿಸ್ಟರ್ ತೆರೆದು ಅವಳ ಮುಂದಿಟ್ಟರು. "ಆದಿಲಕ್ಷ್ಮಮ್ಮ ಇದು ನನ್ನ ಹೆಬ್ಬೆಟ್ಟಲ್ಲ ಅಂತ ಹೇಳಿ, ಪಕ್ಕದಲ್ಲೇ ತಮ್ಮದು ಒತ್ತಿಕೊಟ್ಟರು ನೋಡಿ."

ಮುಳ್ಳು ಗೀರಿದ ಹೆಬ್ಬೆಟ್ಟು. ಶಾಯಿ ಇನ್ನೂ ಆರಿರಲಿಲ್ಲ.